ಹಿಮದ ಇಳಿಜಾರಿನಲ್ಲಿ ಗುರು: ಉತ್ತಮ ಸ್ಕೀ ಬೋಧಕರ ಲಕ್ಷಣಗಳು

ಹಿಮಾಲಯದ ಇಳಿಜಾರುಗಳಿಗೆ ಚಳಿಗಾಲದಲ್ಲಿ ಸ್ಕೀ ಕಲಿಯಲು ಬರುವವರಲ್ಲಿ ಹಿಮವನ್ನು ಮೊದಲ ಬಾರಿಗೆ ಕಾಣುವವರೂ ಇರುತ್ತಾರೆ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದಿನಂತಹ ನಗರಗಳಲ್ಲಿ ಬೆಳೆದವರಿಗೆ ಕಾಲಿಗೆ ಬಿಗಿದ ಎರಡು ನೀಳವಾದ ಹಲಗೆಗಳ ಮೇಲೆ ನಿಲ್ಲುವುದೇ ಒಂದು ಪರೀಕ್ಷೆ. ನಿಂತ ನೆಲ ಜಾರುತ್ತದೆ. ದೇಹ ಹೇಳಿದ ಮಾತನ್ನು ಕೇಳುವುದಿಲ್ಲ. ಆ ಗಳಿಗೆಯಲ್ಲಿ ಕಲಿಯುವವರ ಕಲಿಕೆಯೂ ಕ್ಷೇಮವೂ ಬಹುಮಟ್ಟಿಗೆ ಬೋಧಕರ ಕೈಯಲ್ಲಿರುತ್ತವೆ. ಆದುದರಿಂದ ಉತ್ತಮ ಸ್ಕೀ ಬೋಧಕರು ಹೇಗಿರಬೇಕು ಎಂಬ ಪ್ರಶ್ನೆ ಕ್ರೀಡಾಪ್ರಿಯರಿಗೆ ಮಾತ್ರ ಸಂಬಂಧಿಸಿದುದಲ್ಲ. ಮಕ್ಕಳನ್ನು ಇಂತಹ ಶಿಬಿರಗಳಿಗೆ ಕಳುಹಿಸುವ ತಂದೆತಾಯಿಗಳೂ ಇದನ್ನು ತಿಳಿದಿರುವುದು ಅವಶ್ಯಕ.

ಭಾರತದಲ್ಲಿ ಸ್ಕೀ ಶಿಕ್ಷಣ

ಭಾರತದಲ್ಲಿ ಸ್ಕೀ ಶಿಕ್ಷಣದ ಪ್ರಮುಖ ಕೇಂದ್ರ ಕಾಶ್ಮೀರದ ಗುಲ್ಮಾರ್ಗ್. ಸಮುದ್ರಮಟ್ಟದಿಂದ ಸುಮಾರು 2,650 ಮೀಟರ್ ಎತ್ತರದಲ್ಲಿರುವ ಈ ಹುಲ್ಲುಗಾವಲು ಚಳಿಗಾಲದಲ್ಲಿ ಪೂರ್ಣವಾಗಿ ಹಿಮಾವೃತವಾಗುತ್ತದೆ. ಇಲ್ಲಿ 1948ರ ಡಿಸೆಂಬರ್‌ನಲ್ಲಿ ಸೈನಿಕರಿಗಾಗಿ ಸ್ಕೀ ಶಾಲೆಯೊಂದು ಆರಂಭವಾಯಿತು. ಅದನ್ನು ಸ್ಥಾಪಿಸಿದವರು ಅಂದು ಆ ಪ್ರದೇಶದ ಸೇನಾ ವಿಭಾಗದ ದಂಡನಾಯಕರಾಗಿದ್ದ, ಕೊಡಗಿನ ಮಡಿಕೇರಿಯಲ್ಲಿ ಜನಿಸಿದ ಕೆ. ಎಸ್. ತಿಮ್ಮಯ್ಯನವರು ಎಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಅದೇ ಶಾಲೆ 1962ರಲ್ಲಿ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್ ಎಂಬ ಹೆಸರನ್ನು ಪಡೆಯಿತು. ನಾಗರಿಕರಿಗಾಗಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಅಧೀನದಲ್ಲಿ ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಗುಲ್ಮಾರ್ಗ್‌ನಲ್ಲಿಯೇ ಇದೆ. ಹಿಮಾಚಲ ಪ್ರದೇಶದ ಮನಾಲಿಯಲ್ಲಿರುವ ಪರ್ವತಾರೋಹಣ ಸಂಸ್ಥೆಯೂ ಸ್ಕೀ ತರಬೇತಿ ನೀಡುತ್ತ ಬಂದಿದೆ. ಉತ್ತರಾಖಂಡದ ಔಲಿಯ ಇಳಿಜಾರುಗಳು ಸಹ ಈ ಕ್ರೀಡೆಗೆ ಹೆಸರಾಗಿವೆ.

ಜಾರುವ ಕಲೆ ಬೇರೆ, ಕಲಿಸುವ ಕಲೆ ಬೇರೆ

ಚೆನ್ನಾಗಿ ಸ್ಕೀ ಮಾಡಬಲ್ಲವರೆಲ್ಲರೂ ಚೆನ್ನಾಗಿ ಕಲಿಸಬಲ್ಲರೆಂದು ಭಾವಿಸುವುದು ಸರಿಯಲ್ಲ. ಬಾಲ್ಯದಿಂದ ಹಿಮದಲ್ಲಿಯೇ ಬೆಳೆದವರಿಗೆ ಸಮತೋಲನ ಉಸಿರಾಟದಷ್ಟು ಸಹಜವಾಗಿರುತ್ತದೆ. ಆದರೆ ತಾವು ಅರಿಯದೆಯೇ ಮಾಡುವ ಕ್ರಿಯೆಯನ್ನು ಬಿಡಿಸಿ, ಒಂದಾದ ಮೇಲೊಂದರಂತೆ ಹೇಳಿಕೊಡಲು ಬೇರೆಯೇ ಆದ ಸಾಧನೆ ಬೇಕು. ಆಸ್ಟ್ರಿಯಾದ ಆರ್ಲ್‌ಬರ್ಗ್ ಪ್ರದೇಶದ ಹ್ಯಾನೆಸ್ ಶ್ನೈಡರ್ ಅವರು 20ನೆಯ ಶತಮಾನದ ಆರಂಭದ ದಶಕಗಳಲ್ಲಿ ಮಾಡಿದ ಮಹತ್ವದ ಕಾರ್ಯವೇ ಇದು. ಸ್ವತಃ ನಿಪುಣ ಸ್ಕೀಪಟುವಾಗಿದ್ದ ಅವರು ಸುಲಭದಿಂದ ಕಠಿಣದ ಕಡೆಗೆ ಸಾಗುವ ಪಾಠಕ್ರಮವೊಂದನ್ನು ರೂಪಿಸಿ, ವಿದ್ಯಾರ್ಥಿಗಳನ್ನು ಸಾಮರ್ಥ್ಯಕ್ಕೆ ಅನುಗುಣವಾಗಿ ತರಗತಿಗಳಲ್ಲಿ ವಿಂಗಡಿಸಿದರು. ಇಂದಿಗೂ ಜಗತ್ತಿನ ಅನೇಕ ಸ್ಕೀ ಶಾಲೆಗಳು ಇದೇ ತತ್ತ್ವವನ್ನು ಅನುಸರಿಸುತ್ತವೆ.

ಉತ್ತಮ ಬೋಧಕರು ಮೊದಲಿಗೆ ಸಮತಟ್ಟಾದ ಹಿಮದ ಮೇಲೆ ನಡೆಯುವುದನ್ನು, ಬೀಳುವುದನ್ನು ಮತ್ತು ಬಿದ್ದ ಮೇಲೆ ಏಳುವುದನ್ನು ಕಲಿಸುತ್ತಾರೆ. ಬಳಿಕ ಇಳಿಜಾರಿಗೆ ಅಡ್ಡಲಾಗಿ ನಿಂತು ಮೆಟ್ಟಿಲು ಹತ್ತುವಂತೆ ಪಕ್ಕಕ್ಕೆ ಹೆಜ್ಜೆಯಿಟ್ಟು ಏರುವ ಅಭ್ಯಾಸ. ಅನಂತರ ಹಲಗೆಗಳ ಮುಂತುದಿಗಳನ್ನು ಹತ್ತಿರಕ್ಕೆ ತಂದು, ಹಿಂತುದಿಗಳನ್ನು ಅಗಲಿಸಿ, ಒಳ ಅಂಚುಗಳನ್ನು ಹಿಮಕ್ಕೆ ಒತ್ತಿ ವೇಗವನ್ನು ತಗ್ಗಿಸುವ ನೇಗಿಲು ಭಂಗಿ. ಈ ಭಂಗಿಯಲ್ಲಿ ಬಲಗಾಲಿನ ಮೇಲೆ ಭಾರ ಹೆಚ್ಚಿಸಿದರೆ ಎಡಕ್ಕೂ, ಎಡಗಾಲಿನ ಮೇಲೆ ಹೆಚ್ಚಿಸಿದರೆ ಬಲಕ್ಕೂ ತಿರುಗಬಹುದು. ಎರಡೂ ಹಲಗೆಗಳನ್ನು ಸಮಾನಾಂತರವಾಗಿರಿಸಿ ತಿರುಗುವ ಕೌಶಲ ಇದರ ನಂತರದ ಹಂತ. ನಿಲ್ಲಲು ಬಾರದವನಿಗೆ ಓಡುವುದನ್ನು ಕಲಿಸಬಾರದು ಎಂಬುದೇ ಈ ಕ್ರಮದ ಸಾರ.

ಭಯವನ್ನು ಅರಿಯುವ ಗುಣ

ಆರಂಭಿಕರ ಬಹುಪಾಲು ತಪ್ಪುಗಳಿಗೆ ಮೂಲ ಅಜ್ಞಾನವಲ್ಲ, ಭಯ. ಇಳಿಜಾರನ್ನು ಕಂಡು ಹೆದರಿದ ದೇಹ ತಾನಾಗಿಯೇ ಹಿಂದಕ್ಕೆ, ಬೆಟ್ಟದ ಕಡೆಗೆ ವಾಲುತ್ತದೆ. ಆಗ ಭಾರವೆಲ್ಲ ಹಲಗೆಯ ಹಿಂಭಾಗಕ್ಕೆ ಸೇರಿ, ಮುಂಭಾಗ ಹಗುರವಾಗಿ, ಹಲಗೆ ಹಿಡಿತ ತಪ್ಪಿ ಇನ್ನಷ್ಟು ವೇಗವಾಗಿ ಜಾರುತ್ತದೆ. ಹೀಗೆ ಭಯದಿಂದ ಪಾರಾಗಲು ಮಾಡಿದ ಚಲನೆಯೇ ಭಯವನ್ನು ಹೆಚ್ಚಿಸುತ್ತದೆ. "ಮುಂದಕ್ಕೆ ಬಾಗಿ" ಎಂದು ಹತ್ತು ಸಲ ಕೂಗಿ ಹೇಳಿದರೂ ಹೆದರಿದವರು ಬಾಗಲಾರರು. ವಿವೇಕಿಯಾದ ಬೋಧಕರು ಅಂಥವರನ್ನು ಕಡಿಮೆ ಇಳಿಜಾರಿನ, ಕೊನೆಯಲ್ಲಿ ಸಮತಟ್ಟಾಗುವ ಜಾಗಕ್ಕೆ ಕರೆತರುತ್ತಾರೆ. ಅಲ್ಲಿ ಏನೂ ಮಾಡದಿದ್ದರೂ ಹಲಗೆ ತಾನಾಗಿ ನಿಲ್ಲುತ್ತದೆ ಎಂಬುದು ಮನವರಿಕೆಯಾದೊಡನೆ ದೇಹದ ಬಿಗಿತ ಸಡಿಲುತ್ತದೆ, ಮೊಣಕಾಲುಗಳು ಬಾಗುತ್ತವೆ, ಮೊಣಕಾಲಿನ ಕೆಳಗಿನ ಎಲುಬು ಬೂಟಿನ ಮುಂಭಾಗಕ್ಕೆ ಒತ್ತಿಕೊಳ್ಳುತ್ತದೆ. ಭಯವನ್ನು ಹಾಸ್ಯ ಮಾಡುವ ಅಥವಾ ಇತರರೊಡನೆ ಹೋಲಿಸಿ ನಾಚಿಸುವ ಬೋಧಕರು ಎಷ್ಟೇ ನಿಪುಣರಾಗಿದ್ದರೂ ಉತ್ತಮರೆನಿಸಲಾರರು.

ನೋಡುವ ಕಣ್ಣು, ಮಿತವಾದ ಮಾತು

ಬೋಧಕರಿಗೆ ದೋಷವನ್ನು ಮಾತ್ರವಲ್ಲದೆ ಅದರ ಕಾರಣವನ್ನೂ ಕಾಣುವ ಕಣ್ಣು ಇರಬೇಕು. ತಿರುವಿನಲ್ಲಿ ಪದೇ ಪದೇ ಬೀಳುವವರ ತೊಂದರೆ ಕಾಲಿನಲ್ಲಿರದೆ ನೋಟದಲ್ಲಿರಬಹುದು. ಹಲಗೆಯ ತುದಿಯನ್ನೇ ನೋಡುತ್ತಿರುವವರಿಗೆ ಮುಂದಿನ ದಾರಿ ಕಾಣಿಸದು. ಒಂದು ಸಲಕ್ಕೆ ಒಂದೇ ತಿದ್ದುಪಡಿ ಹೇಳುವುದು ಒಳ್ಳೆಯ ಪದ್ಧತಿ. ಚಳಿಯಲ್ಲಿ ನಿಲ್ಲಿಸಿ ದೀರ್ಘ ಉಪನ್ಯಾಸ ನೀಡುವುದಕ್ಕಿಂತ ನಿಧಾನವಾಗಿ ಮಾಡಿ ತೋರಿಸುವುದು ಹೆಚ್ಚು ಫಲಕಾರಿ. ತರಗತಿಯಲ್ಲಿ ಬೇರೆ ಬೇರೆ ಭಾಷೆಗಳ ಜನರಿರುವಾಗ ಸರಳವಾದ ಮಾತು, ಸ್ಪಷ್ಟವಾದ ಸಂಜ್ಞೆಗಳ ಬೆಲೆ ಇನ್ನೂ ಹೆಚ್ಚು. "ತಿಳಿಯಿತೇ?" ಎಂಬ ಪ್ರಶ್ನೆಗೆ ಸಂಕೋಚದಿಂದ ತಲೆಯಾಡಿಸುವವರೂ ಉಂಟು. ಆದುದರಿಂದ ಅನುಭವಿಗಳು ಉತ್ತರವನ್ನು ನಂಬದೆ, ಮಾಡಿ ತೋರಿಸುವಂತೆ ಕೇಳುತ್ತಾರೆ.

ಸಲಕರಣೆಗಳ ಪರಿಶೀಲನೆ

ಬೂಟನ್ನು ಹಲಗೆಗೆ ಸೇರಿಸುವ ಬೈಂಡಿಂಗ್ ಎಂಬ ಸಾಧನ, ಬಿದ್ದಾಗ ನಿರ್ದಿಷ್ಟ ಒತ್ತಡ ಮೀರಿದೊಡನೆ ಬೂಟನ್ನು ಬಿಡುಗಡೆ ಮಾಡಬೇಕು. ಬಿಗಿ ಹೆಚ್ಚಾದರೆ ಹಲಗೆ ಕಳಚದೆ ಕಾಲು ತಿರುಚಿಕೊಳ್ಳುತ್ತದೆ. ಕಡಿಮೆಯಾದರೆ ಸಾಗುತ್ತಿರುವಾಗಲೇ ಕಳಚಿಕೊಳ್ಳುತ್ತದೆ. ಅದರ ಬಿಗಿಯನ್ನು ಸ್ಕೀ ಮಾಡುವವರ ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ ಮತ್ತು ಕೌಶಲದ ಮಟ್ಟಕ್ಕೆ ತಕ್ಕಂತೆ ನಿಗದಿಪಡಿಸಬೇಕಾಗುತ್ತದೆ. ಸ್ಕೀಯಿಂಗ್‌ನಲ್ಲಿ ಮೊಣಕಾಲಿನ ಅಸ್ಥಿರಜ್ಜುಗಳಿಗೆ ಆಗುವ ಗಾಯ ಸಾಮಾನ್ಯವಾದುದರಿಂದ ಈ ಪರಿಶೀಲನೆಯನ್ನು ಅಲಕ್ಷಿಸುವಂತಿಲ್ಲ. ಬಾಡಿಗೆಗೆ ಪಡೆದ ಸಲಕರಣೆಗಳನ್ನು ಉತ್ತಮ ಬೋಧಕರು ತಾವೇ ಪರೀಕ್ಷಿಸುತ್ತಾರೆ. ಶಿರಸ್ತ್ರಾಣ, ಕೈಗವಸು ಮತ್ತು ಕಪ್ಪು ಕನ್ನಡಕಗಳಿಲ್ಲದೆ ಯಾರನ್ನೂ ಇಳಿಜಾರಿಗೆ ಬಿಡುವುದಿಲ್ಲ. ಹೊಸ ಹಿಮ ಸೂರ್ಯನ ಅತಿನೇರಳೆ ಕಿರಣಗಳ ಬಹುಭಾಗವನ್ನು ಪ್ರತಿಫಲಿಸುವುದರಿಂದ ರಕ್ಷಣೆಯಿಲ್ಲದ ಕಣ್ಣುಗಳಿಗೆ ಹಿಮಕುರುಡು ತಗಲುವ ಅಪಾಯವಿದೆ.

'ಇಂದು ಬೇಡ' ಎನ್ನುವ ಧೈರ್ಯ

ಬೋಧಕರ ಜವಾಬ್ದಾರಿಯಲ್ಲಿ ಅತ್ಯಂತ ಗುರುತರವಾದುದು ಬೆಟ್ಟವನ್ನು ಓದುವುದು. ಸಾಮಾನ್ಯವಾಗಿ 30ರಿಂದ 45 ಡಿಗ್ರಿಯಷ್ಟು ಕಡಿದಾದ ಇಳಿಜಾರುಗಳಲ್ಲಿ ಹಿಮಕುಸಿತದ ಸಂಭವ ಹೆಚ್ಚು. ಭಾರಿ ಹಿಮ ಸುರಿದ ಬಳಿಕ, ಗಾಳಿ ಹಿಮವನ್ನು ಒಂದೆಡೆ ಒಟ್ಟಿದಾಗ ಅಥವಾ ತಾಪಮಾನ ಹಠಾತ್ತನೆ ಏರಿದಾಗ ಈ ಅಪಾಯ ತೀವ್ರವಾಗುತ್ತದೆ. 2010ರ ಫೆಬ್ರವರಿ 8ರಂದು ಗುಲ್ಮಾರ್ಗ್ ಸಮೀಪದ ಖಿಲನ್‌ಮಾರ್ಗ್‌ನಲ್ಲಿ ತರಬೇತಿಯಲ್ಲಿದ್ದ ಸೈನಿಕರ ಮೇಲೆ ಹಿಮರಾಶಿ ಕುಸಿದು 17 ಮಂದಿ ಪ್ರಾಣ ಕಳೆದುಕೊಂಡರು. 2023ರ ಫೆಬ್ರವರಿಯಲ್ಲಿ ಅಫರ್ವತ್ ಶಿಖರದ ಇಳಿಜಾರಿನಲ್ಲಿ ಪೋಲೆಂಡಿನ ಇಬ್ಬರು ಸ್ಕೀಪಟುಗಳು ಇಂತಹುದೇ ದುರಂತಕ್ಕೆ ಬಲಿಯಾದರು. ಪರ್ವತ ಯಾರ ಅನುಭವಕ್ಕೂ ರಿಯಾಯಿತಿ ತೋರಿಸುವುದಿಲ್ಲ ಎಂಬುದಕ್ಕೆ ಇವು ನಿದರ್ಶನಗಳು.

ಹಿಮದಡಿ ಸಿಲುಕಿದವರು ಬದುಕುಳಿಯುವ ಸಾಧ್ಯತೆ ಮೊದಲ 10ರಿಂದ 15 ನಿಮಿಷಗಳ ನಂತರ ಶೀಘ್ರವಾಗಿ ಕುಗ್ಗುತ್ತದೆ. ಹೊರಗಿನ ನೆರವು ಅಷ್ಟರೊಳಗೆ ತಲಪುವುದು ವಿರಳ, ಜೊತೆಯಲ್ಲಿರುವವರೇ ರಕ್ಷಕರಾಗಬೇಕಾಗುತ್ತದೆ. ಆದುದರಿಂದ ಸಿದ್ಧಪಡಿಸಿದ ಹಾದಿಯಿಂದ ಹೊರಗೆ ಶಿಷ್ಯರನ್ನು ಕರೆದೊಯ್ಯುವ ಬೋಧಕರು ಸಂಕೇತ ಸೂಸುವ ಶೋಧಕ ಯಂತ್ರ, ಹಿಮದಲ್ಲಿ ಚುಚ್ಚಿ ಹುಡುಕುವ ನೀಳ ಸಲಾಕೆ ಮತ್ತು ಸಲಿಕೆಯನ್ನು ಪ್ರತಿಯೊಬ್ಬರ ಬಳಿಯೂ ಇರಿಸಿ, ಅವುಗಳ ಬಳಕೆಯನ್ನು ಮೊದಲೇ ಕಲಿಸಿರಬೇಕು. ರಕ್ಷಣಾ ಸಂಶೋಧನಾ ಸಂಸ್ಥೆಯ ಚಂಡೀಗಢದ ಕೇಂದ್ರ ಪ್ರಕಟಿಸುವ ಹಿಮಕುಸಿತ ಮುನ್ಸೂಚನೆಗಳನ್ನೂ ಸ್ಥಳೀಯ ಎಚ್ಚರಿಕೆಗಳನ್ನೂ ಗಮನಿಸುವುದು ಅವರ ನಿತ್ಯದ ಕರ್ತವ್ಯ. ದೂರದೂರಿನಿಂದ ಹಣ ಖರ್ಚು ಮಾಡಿ ಬಂದವರ ನಿರಾಸೆಯನ್ನು ಎದುರಿಸಿಯೂ "ಇಂದು ಬೇಡ" ಎಂದು ಹೇಳಬಲ್ಲವರೇ ನಿಜವಾದ ಬೋಧಕರು.

ಕಲಿಯಬಯಸುವವರು ಗಮನಿಸಬೇಕಾದುದು

ತರಬೇತಿಗೆ ಸೇರುವ ಮುನ್ನ ಬೋಧಕರು ಯಾವ ಸಂಸ್ಥೆಯಿಂದ ಶಿಕ್ಷಣ ಪಡೆದಿದ್ದಾರೆ, ಪ್ರಥಮ ಚಿಕಿತ್ಸೆಯಲ್ಲಿ ತರಬೇತಿ ಹೊಂದಿದ್ದಾರೆಯೇ, ಒಬ್ಬರ ವಶದಲ್ಲಿ ಎಷ್ಟು ವಿದ್ಯಾರ್ಥಿಗಳಿರುತ್ತಾರೆ ಎಂಬುದನ್ನು ವಿಚಾರಿಸುವುದು ಒಳಿತು. ಹೀಗೆ ಕೇಳುವುದನ್ನು ಅವಿಶ್ವಾಸವೆಂದು ಯಾವ ಉತ್ತಮ ಬೋಧಕರೂ ಭಾವಿಸುವುದಿಲ್ಲ. ಮೊದಲ ದಿನವೇ ಕಡಿದಾದ ಇಳಿಜಾರಿಗೆ ಕರೆದೊಯ್ಯುವ ಆಶ್ವಾಸನೆಯನ್ನು ಸಂಶಯದಿಂದ ಕಾಣಬೇಕು. ಬಯಲುಸೀಮೆಯಿಂದ ಬಂದವರು ಎತ್ತರದ ಗಾಳಿಗೆ ಹೊಂದಿಕೊಳ್ಳಲು ಒಂದೆರಡು ದಿನ ವಿಶ್ರಾಂತಿ ಪಡೆಯಬೇಕು. ತಲೆನೋವು, ವಾಕರಿಕೆಗಳು ಕಂಡುಬಂದರೆ ಬೋಧಕರಿಂದ ಮುಚ್ಚಿಡಬಾರದು. ಹೃದಯ, ಶ್ವಾಸಕೋಶ ಅಥವಾ ಮೊಣಕಾಲಿನ ತೊಂದರೆಯುಳ್ಳವರು ವೈದ್ಯರ ಸಲಹೆ ಪಡೆದೇ ಹೊರಡತಕ್ಕದ್ದು. ಇಳಿಜಾರಿನಲ್ಲಿ ತಮಗಿಂತ ಕೆಳಗೆ, ಮುಂದೆ ಇರುವವರಿಗೆ ದಾರಿ ಬಿಟ್ಟುಕೊಡುವುದು ಮೇಲಿನಿಂದ ಬರುವವರ ಹೊಣೆ ಎಂಬ ಅಂತರರಾಷ್ಟ್ರೀಯ ನಿಯಮವನ್ನು ಪ್ರತಿಯೊಬ್ಬರೂ ನೆನಪಿನಲ್ಲಿಡಬೇಕು.

ಸ್ಕೀ ಬೋಧಕರ ಯಶಸ್ಸನ್ನು ಅವರು ಎಷ್ಟು ವೇಗವಾಗಿ ಜಾರಬಲ್ಲರು ಎಂಬುದರಿಂದ ಅಳೆಯಲಾಗದು. ಅವರ ಶಿಷ್ಯರು ಅವರಿಲ್ಲದೆಯೂ ಎಲ್ಲಿ ನಿಲ್ಲಬೇಕು, ಯಾವಾಗ ಹಿಂದಿರುಗಬೇಕು ಎಂಬುದನ್ನು ತಾವೇ ನಿರ್ಧರಿಸಬಲ್ಲವರಾದರೆ ಅದೇ ಅವರ ಬೋಧನೆಗೆ ಸಲ್ಲುವ ಸಾರ್ಥಕ್ಯ. ಹಿಮದ ಮೇಲೆ ಇಟ್ಟ ಗುರುತುಗಳು ಮರುದಿನದ ಹಿಮಕ್ಕೆ ಅಳಿಸಿಹೋಗುತ್ತವೆ. ಸರಿಯಾಗಿ ಕಲಿತ ಎಚ್ಚರ ಮಾತ್ರ ಕಲಿತವರೊಡನೆ ಉಳಿಯುತ್ತದೆ.