ಸಂದರ್ಶನದ ಮೇಜಿನ ಮೇಲೆ ಬಿಟ್ಟುಬಂದ ಚಿತ್ರ ಯಾರ ಸ್ವತ್ತು?

ಜಾಹೀರಾತು ಏಜೆನ್ಸಿಯ ಸಂದರ್ಶನವು ಬ್ಯಾಂಕಿನ ಅಥವಾ ಕಾರ್ಖಾನೆಯ ಸಂದರ್ಶನದಂತಲ್ಲ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲೋ ಮೈಸೂರಿನ ‘ಕಾವಾ’ದಲ್ಲೋ ಅನ್ವಯಿಕ ಕಲೆಯ ಪದವಿ ಪಡೆದು ಬಂದ ಅಭ್ಯರ್ಥಿಯ ಅಂಕಪಟ್ಟಿಯನ್ನು ಅಲ್ಲಿ ಯಾರೂ ಅಷ್ಟಾಗಿ ತಿರುವಿ ನೋಡುವುದಿಲ್ಲ. ನೋಡುವುದು ಪೋರ್ಟ್‌ಫೋಲಿಯೋವನ್ನು, ಅಂದರೆ ಆತನ ಅದುವರೆಗಿನ ಚಿತ್ರ, ವಿನ್ಯಾಸ, ಬರಹಗಳ ಸಂಪುಟವನ್ನು. ಇದರಲ್ಲಿ ನಿಮ್ಮ ಕೈಯ ಕೆಲಸ ಯಾವುದು, ಸಹಪಾಠಿಗಳದು ಯಾವುದು ಎಂಬ ಪ್ರಶ್ನೆ ಬಹುತೇಕ ಬಂದೇ ಬರುತ್ತದೆ. ಇಷ್ಟರವರೆಗೆ ಯಾರ ತಕರಾರೂ ಇಲ್ಲ. ತಕರಾರು ಹುಟ್ಟುವುದು ಅನಂತರ ಕೊಡಲಾಗುವ ‘ಟೆಸ್ಟ್’ನಿಂದ.

ಒಂದು ಊದುಬತ್ತಿಯ ಪೊಟ್ಟಣಕ್ಕೆ ಹೊಸ ವಿನ್ಯಾಸ ಮಾಡಿ ತನ್ನಿರಿ, ಮೂರು ದಿನ ಕಾಲಾವಕಾಶವಿದೆ ಎಂದು ಹೇಳಲಾಗುತ್ತದೆ. ಅಭ್ಯರ್ಥಿಯು ನಿದ್ದೆಗೆಟ್ಟು ಎರಡು ಮೂರು ಬಗೆಯ ವಿನ್ಯಾಸಗಳನ್ನು ಸಿದ್ಧಪಡಿಸುತ್ತಾನೆ. ಬಣ್ಣ ಬದಲಿಸಿ ನೋಡೋಣ ಎಂಬ ಸೂಚನೆ ಬರುತ್ತದೆ, ಬದಲಿಸುತ್ತಾನೆ. ಕೆಲವೆಡೆ ಕಂಪ್ಯೂಟರಿನ ಮೂಲ ಕಡತವನ್ನೂ ಕೇಳಿ ಪಡೆಯುವುದುಂಟು. ಪರೀಕ್ಷೆಗಾದರೆ ಮುದ್ರಿತ ಪ್ರತಿಯೊಂದೇ ಸಾಕಲ್ಲ ಎಂಬ ಸಂದೇಹ ಬಂದರೂ ಕೆಲಸ ಬೇಕಾದವನು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಆಮೇಲೆ ದೂರವಾಣಿ ಕರೆಗಳಿಗೆ ಉತ್ತರವಿಲ್ಲ. ಆರು ತಿಂಗಳ ತರುವಾಯ ಅಂಗಡಿಯ ಕಪಾಟಿನಲ್ಲಿ ತನ್ನ ವಿನ್ಯಾಸವನ್ನೇ ಹೋಲುವ ಪೊಟ್ಟಣ ಕಂಡೆವೆಂದು ದೂರುವವರು ಈ ವೃತ್ತಿಯಲ್ಲಿ ವಿರಳರೇನಲ್ಲ.

ಕನ್ನಡ ಕಾಪಿರೈಟರ್ ಹುದ್ದೆಗೆ ಹೋದವರ ಅನುಭವವು ಇನ್ನೊಂದು ಬಗೆಯದು. ಅವರಿಗೆ ಕೊಡುವ ಪರೀಕ್ಷೆಯು ಹಲವು ವೇಳೆ ಇಂಗ್ಲಿಷ್ ಅಥವಾ ಹಿಂದಿ ಜಾಹೀರಾತಿನ ಭಾಷಾಂತರ. ಉತ್ತರವನ್ನು ತೂಗಿ ನೋಡಬೇಕಾದವರಿಗೆ ಕನ್ನಡ ಓದಲು ಬಾರದಿದ್ದರೆ, ಪಕ್ಕದ ಲೆಕ್ಕಪತ್ರ ವಿಭಾಗದಿಂದ ಕನ್ನಡ ಬಲ್ಲ ಗುಮಾಸ್ತರನ್ನು ಕರೆಸಿ ‘ಸರಿಯಿದೆಯೇ?’ ಎಂದು ಕೇಳಲಾಗುತ್ತದೆ. ಹುಬ್ಬಳ್ಳಿಯಲ್ಲಿ ಮಾರಾಟವಾಗಬೇಕಾದ ಸರಕಿನ ಮಾತು ಹೀಗೆ ತೀರ್ಮಾನವಾಗುತ್ತದೆ ಎಂಬುದನ್ನು ಸರಕಿನ ಒಡೆಯನು ತಿಳಿದಿರುವುದು ಒಳ್ಳೆಯದು.

ಏಜೆನ್ಸಿಗಳ ಪಕ್ಷವನ್ನೂ ಕೇಳಬೇಕು. ನಲವತ್ತು ಸಂಪುಟಗಳಲ್ಲಿ ಮೂವತ್ತು ಒಂದೇ ತೆರನಾಗಿ ಕಾಣುವಾಗ ಪರೀಕ್ಷೆಯಿಲ್ಲದೆ ಆಯ್ಕೆ ಮಾಡುವುದು ಕಷ್ಟ. ಅಲ್ಲದೆ ಎಲ್ಲ ಹೋಲಿಕೆಯೂ ಕಳವಲ್ಲ. ಊದುಬತ್ತಿಗೆ ಮಲ್ಲಿಗೆಯ ದಂಡೆಯ ಕಲ್ಪನೆ ಹತ್ತು ಮಂದಿಗೆ ಹೊಳೆಯಬಹುದು. ಕಲ್ಪನೆಗೆ ಕೃತಿಸ್ವಾಮ್ಯವಿಲ್ಲ, ಅದನ್ನು ಅಭಿವ್ಯಕ್ತಿಸಿದ ರೂಪಕ್ಕೆ ಮಾತ್ರ ಇದೆ ಎಂದು ಸರ್ವೋಚ್ಚ ನ್ಯಾಯಾಲಯವು ಆರ್.ಜಿ. ಆನಂದ್ ವಿರುದ್ಧ ಡಿಲಕ್ಸ್ ಫಿಲ್ಮ್ಸ್ ಪ್ರಕರಣದಲ್ಲಿ 1978ರಲ್ಲಿಯೇ ತೀರ್ಮಾನಿಸಿದೆ. ಆದರೆ ಬರೆದ ಚಿತ್ರವನ್ನೇ ಎತ್ತಿಕೊಂಡರೆ ಈ ಸಮಾಧಾನ ನಿಲ್ಲದು.

1957ರ ಕೃತಿಸ್ವಾಮ್ಯ ಅಧಿನಿಯಮದ ಕಲಂ 17ರ ಪ್ರಕಾರ ಕೃತಿಯ ಮೊದಲ ಒಡೆಯನು ಅದರ ಕರ್ತೃ. ನೌಕರಿಯ ಕರಾರಿನ ಮೇರೆಗೆ, ನೌಕರಿಯ ಅವಧಿಯಲ್ಲಿ ರಚಿಸಿದ ಕೃತಿಯು ಬೇರೆ ಒಪ್ಪಂದವಿಲ್ಲದಿದ್ದಲ್ಲಿ ಮಾಲೀಕನದಾಗುತ್ತದೆ. ಸಂದರ್ಶನಕ್ಕೆ ಬಂದವನು ನೌಕರನಲ್ಲ. ಆತನಿಗೆ ಸಂಬಳವೂ ಇಲ್ಲ, ನೇಮಕಾತಿ ಪತ್ರವೂ ಇಲ್ಲ. ಆದುದರಿಂದ ಟೆಸ್ಟಿನ ಚಿತ್ರ ಆತನದೇ. ಅದಕ್ಕೆ ನೋಂದಣಿಯ ಅಗತ್ಯವೂ ಇಲ್ಲ. ಹಕ್ಕು ಏಜೆನ್ಸಿಗೆ ದಾಟಬೇಕಾದರೆ ಕಲಂ 19ರಂತೆ ಲಿಖಿತ ವರ್ಗಾವಣೆ ಬೇಕು, ಅದಕ್ಕೆ ಆತನ ಸಹಿ ಬೇಕು. ಆ ಪತ್ರದಲ್ಲಿ ಅವಧಿಯನ್ನು ನಮೂದಿಸದಿದ್ದರೆ ಐದೇ ವರ್ಷ, ಪ್ರದೇಶವನ್ನು ನಮೂದಿಸದಿದ್ದರೆ ಭಾರತ ಮಾತ್ರ. ದುಬೈಗೋ ಸಿಂಗಪುರಕ್ಕೋ ಸರಕು ಕಳುಹಿಸುವ ಸದಸ್ಯರು ಈ ಕೊನೆಯ ಅಂಶವನ್ನು ಗಮನಿಸತಕ್ಕದ್ದು.

ಏಜೆನ್ಸಿಗೂ ಅಭ್ಯರ್ಥಿಗೂ ನಡುವಣ ವ್ಯವಹಾರದಲ್ಲಿ ಸಣ್ಣ ಉತ್ಪಾದಕನಿಗೇನು ಬಂತು ಎನ್ನಬಹುದು. ಪೊಟ್ಟಣದ ಮೇಲೆ ಅಚ್ಚಾಗುವುದು ಏಜೆನ್ಸಿಯ ಹೆಸರಲ್ಲ, ಉತ್ಪಾದಕನದು. ವಕೀಲರ ನೋಟೀಸು ಮೊದಲು ಬರುವುದೂ ಆ ವಿಳಾಸಕ್ಕೇ. ತನಗೆ ತಿಳಿದಿರಲಿಲ್ಲ, ಅನುಮಾನಿಸಲು ಕಾರಣವೂ ಇರಲಿಲ್ಲ ಎಂದು ಆತ ರುಜುವಾತು ಮಾಡಿದರೂ ಕಲಂ 55ರ ಅಡಿಯಲ್ಲಿ ತಡೆಯಾಜ್ಞೆಯನ್ನೂ, ಆ ಸರಕಿನಿಂದ ಬಂದ ಲಾಭದ ಪೂರ್ಣ ಅಥವಾ ಭಾಗಶಃ ಮೊತ್ತಕ್ಕೆ ಡಿಕ್ರಿಯನ್ನೂ ನ್ಯಾಯಾಲಯ ನೀಡಬಹುದು. ಲಾಭದ ಲೆಕ್ಕ ಕೊಡುವುದೆಂದರೆ ಏನೆಂದು ವರ್ತಕರಿಗೆ ವಿವರಿಸಬೇಕಾಗಿಲ್ಲ. ಗ್ರೇವ್ಯೂರ್ ಮುದ್ರಣದ ಪೌಚ್ ಆದರೆ ಬಣ್ಣಕ್ಕೊಂದರಂತೆ ಸಿಲಿಂಡರ್ ಕೊರೆಸಿರುತ್ತಾರೆ. ತಡೆಯಾಜ್ಞೆ ಬಂದ ದಿನ ಆ ಸಿಲಿಂಡರುಗಳೂ ಗೋದಾಮಿನಲ್ಲಿರುವ ಮುದ್ರಿತ ಸುರುಳಿಗಳೂ ದಾಸ್ತಾನು ಪಟ್ಟಿಯಲ್ಲಿ ಗುಜರಿಯ ಬೆಲೆಗೆ ಇಳಿಯುತ್ತವೆ.

ಇನ್ನೊಂದು ಅಪಾಯವಿದೆ, ಅದರ ಬಗ್ಗೆ ಮಾತು ಕಡಿಮೆ. ಟೆಸ್ಟಿಗೆಂದು ಕೊಟ್ಟದ್ದು ಗ್ರಾಹಕನ ಇನ್ನೂ ಬಿಡುಗಡೆಯಾಗದ ಸರಕಾಗಿದ್ದರೆ, ಅದರ ಹೆಸರು, ಸುವಾಸನೆ, ಕೆಲವೊಮ್ಮೆ ಬೆಲೆಯೂ ಹತ್ತಾರು ಅಭ್ಯರ್ಥಿಗಳಿಗೆ ತಿಳಿದುಹೋಗುತ್ತದೆ. ಗೋಪ್ಯತೆಯ ಕರಾರಿಗೆ ಸಹಿ ಹಾಕದ ಆ ಅಭ್ಯರ್ಥಿಗಳೇ ಮರುದಿನ ಪ್ರತಿಸ್ಪರ್ಧಿಯ ಏಜೆನ್ಸಿಯಲ್ಲಿ ಕುಳಿತಿರುತ್ತಾರೆ.

ಏಜೆನ್ಸಿಯೊಡನೆ ಕರಾರು ಮಾಡಿಕೊಳ್ಳುವಾಗ ಎರಡು ವಾಕ್ಯಗಳನ್ನು ಸೇರಿಸಿದರೆ ಈ ತೊಡಕಿನ ಬಹುಪಾಲು ನೀಗುತ್ತದೆ: ತನ್ನ ಸರಕನ್ನು ಸಂದರ್ಶನದ ಪರೀಕ್ಷೆಗೆ ಬಳಸಕೂಡದು, ಒಪ್ಪಿಸುವ ಪ್ರತಿ ವಿನ್ಯಾಸದ ರಚನಕಾರರ ವಿವರ ಮತ್ತು ಹಕ್ಕು ವರ್ಗಾವಣೆಯ ಪ್ರತಿಯನ್ನು ಬಿಲ್ಲಿನೊಡನೆ ಕೊಡತಕ್ಕದ್ದು. ಮೂರನೆಯವರು ದಾವೆ ಹೂಡಿದಲ್ಲಿ ನಷ್ಟ ಭರಿಸುವ ಹೊಣೆ ಏಜೆನ್ಸಿಯದೆಂದು ಬರೆಸಿಕೊಳ್ಳುವುದೂ ವಾಡಿಕೆಯಲ್ಲಿದೆ. ಆದರೆ ಏಜೆನ್ಸಿಯೇ ಎರಡು ಕೋಣೆಯ ಬಾಡಿಗೆ ಕಚೇರಿಯದಾದರೆ ಆ ಹೊಣೆಯ ಬೆಲೆಯೂ ಅಷ್ಟರದೇ.

ತಾವೇ ವಿನ್ಯಾಸಕಾರರನ್ನು ನೇಮಿಸಿಕೊಳ್ಳಲು ಹೊರಟ ಸದಸ್ಯರು ಪರೀಕ್ಷೆಗೆ ಮಾರುಕಟ್ಟೆಯಿಂದ ಹಿಂದೆ ಸರಿದ ಹಳೆಯ ಸರಕನ್ನೋ ಕಾಲ್ಪನಿಕ ಸರಕನ್ನೋ ಕೊಡಬಹುದು. ಬಂದ ಕೃತಿ ಮೆಚ್ಚುಗೆಯಾಗಿ ಬಳಸುವ ಮನಸ್ಸಾದರೆ ಆತನಿಗೆ ನೌಕರಿ ಸಿಗಲಿ ಬಿಡಲಿ, ಸಂಭಾವನೆ ಕೊಟ್ಟು, ಅವಧಿ ಮತ್ತು ಪ್ರದೇಶವನ್ನು ನಮೂದಿಸಿದ ವರ್ಗಾವಣೆ ಪತ್ರಕ್ಕೆ ಸಹಿ ಪಡೆಯಬೇಕು. ಬೇರೆ ಷರತ್ತು ಬರೆಯದಿದ್ದಲ್ಲಿ, ವರ್ಗಾವಣೆಯಾದ ಹಕ್ಕನ್ನು ಒಂದು ವರ್ಷದೊಳಗೆ ಚಲಾಯಿಸದೆ ಹೋದರೆ ಅದು ರದ್ದಾಗುತ್ತದೆ. ಕಡತದಲ್ಲಿಟ್ಟು ಮರೆಯತಕ್ಕ ಕಾಗದ ಇದಲ್ಲ.