ಇಂಗ್ಲಿಷಿನ ಕೇಡಿನ ನುಡಿಗಳು ಮತ್ತು ನಮ್ಮ ‘ದ್ವೇಷ’

ಸ್ಪೈಟ್, ಮ್ಯಾಲಿಸ್, ಮಲೆವಲೆನ್ಸ್, ರ‍್ಯಾಂಕರ್, ಗ್ರಡ್ಜ್, ಇಲ್ ವಿಲ್ ಎಂಬ ಆರು ಇಂಗ್ಲಿಷ್ ಶಬ್ದಗಳಿಗೂ ‘ದ್ವೇಷ’ ಎಂಬ ಒಂದನ್ನೇ ಬಳಸಿ ಅನುವಾದವನ್ನು ಮುಗಿಸುವುದು ಕನ್ನಡದಲ್ಲಿ ಅಪರೂಪವೇನಲ್ಲ. ಕಥೆ ಕಾದಂಬರಿಗಳಲ್ಲಿ ಇದರಿಂದಾಗುವ ನಷ್ಟ ಅರ್ಥದ ಸೂಕ್ಷ್ಮತೆಗೆ ಸಂಬಂಧಿಸಿದ್ದು. ಕಾನೂನಿನ ಬರೆಹದಲ್ಲಿ ಅದು ಒಬ್ಬ ವ್ಯಕ್ತಿಯ ತಪ್ಪಿತಸ್ಥಿಕೆಯನ್ನೇ ಮುಟ್ಟುತ್ತದೆ. ಈ ಕಾರಣದಿಂದ ಈ ಶಬ್ದಗಳ ಮೂಲವನ್ನೂ ಬಳಕೆಯನ್ನೂ ಇಲ್ಲಿ ಪರಿಶೀಲಿಸಿದ್ದೇವೆ.

ಸ್ಪೈಟ್ ಎಂಬುದು ‘ಡಿಸ್ಪೈಟ್’ ಶಬ್ದದ ಆದಿ ಲೋಪವಾದ ರೂಪ. ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದ ಇದರ ಮೂಲ ಧಾತುವಿಗೆ ಲ್ಯಾಟಿನ್ನಿನಲ್ಲಿ ‘ಮೇಲಿನಿಂದ ಕೆಳಗೆ ನೋಡು’ ಎಂದರ್ಥ. ಆದ್ದರಿಂದ ಇದು ಮೂಲದಲ್ಲಿ ಹಗೆಯಲ್ಲ, ತಿರಸ್ಕಾರ. ‘ಇನ್ ಸ್ಪೈಟ್ ಆಫ್’ ಎಂಬ ನುಡಿಗಟ್ಟಿನಲ್ಲಿ ಈ ಹಳೆಯ ಅರ್ಥ ಇಂದಿಗೂ ಅಡಗಿದೆ. ‘ಮಳೆಯನ್ನು ಲೆಕ್ಕಿಸದೆ ಬಂದನು’ ಎನ್ನುವಾಗ ನಮ್ಮ ಭಾಷೆಯೂ ಅದೇ ದಾರಿಯನ್ನು ಹಿಡಿದಿರುವುದು ಕುತೂಹಲಕರ. ಇಂದಿನ ಬಳಕೆಯಲ್ಲಿ ಸ್ಪೈಟ್‌ಗೆ ಸಣ್ಣತನದ ಛಾಯೆಯಿದೆ. ನೆರೆಮನೆಯ ಬೆಳಕನ್ನು ತಡೆಯಲೆಂದೇ ಎತ್ತರಿಸಿ ಕಟ್ಟಿದ ಬೇಲಿಗೆ ಅಮೆರಿಕದಲ್ಲಿ ‘ಸ್ಪೈಟ್ ಫೆನ್ಸ್’ ಎಂಬ ಹೆಸರೇ ರೂಢಿಯಲ್ಲಿದ್ದು, ಅಲ್ಲಿನ ಕೆಲವು ರಾಜ್ಯಗಳು ಅದರ ವಿರುದ್ಧ ಕಾಯಿದೆಯನ್ನೂ ಮಾಡಿವೆ. ಇಂತಹ ಬೇಲಿಯಿಂದ ಕಟ್ಟಿದವನಿಗೆ ಲಾಭವಿಲ್ಲ, ಖರ್ಚೇ ಹೆಚ್ಚು. ತನಗೆ ನಷ್ಟವಾದರೂ ಇನ್ನೊಬ್ಬನಿಗೆ ನೋವಾಗಲಿ ಎಂಬ ಈ ಮನೋಧರ್ಮವನ್ನು ‘ಗಂಡ ಸತ್ತರೂ ಸರಿ, ಸವತಿ ಮುಂಡೆಯಾಗಲಿ’ ಎಂಬ ನಮ್ಮ ಗಾದೆಯಷ್ಟು ನಿಷ್ಠುರವಾಗಿ ಯಾವ ನಿಘಂಟೂ ವಿವರಿಸಲಾರದು. ಆದರೆ ಗಾದೆಯಿದ್ದರೂ ಅದಕ್ಕೆ ಸರಿಸಾಟಿಯಾದ ಒಂದೇ ನಾಮಪದ ಕನ್ನಡದಲ್ಲಿಲ್ಲ. ‘ಹೊಟ್ಟೆಕಿಚ್ಚು’ ಕಾರಣವನ್ನು ಹೇಳುತ್ತದೆಯೇ ಹೊರತು ಕೃತ್ಯವನ್ನಲ್ಲ. ‘ಜಿದ್ದು’ ಎಂಬುದರಲ್ಲಿ ಸ್ಪರ್ಧೆಯ ಅರ್ಥವೇ ಮುಂದು. ‘ಹೊಟ್ಟೆ ಉರಿಸಲೆಂದೇ ಮಾಡಿದನು’ ಎಂದು ಕ್ರಿಯಾಪದದಿಂದ ಹೇಳುವುದೇ ನಮಗೆ ಸಮೀಪದ ಮಾರ್ಗವೆಂದು ತೋರುತ್ತದೆ.

ಗ್ರಡ್ಜ್ ಎಂಬುದು ಗೊಣಗುವಿಕೆಯಿಂದ ಹುಟ್ಟಿದ ಶಬ್ದ. ಇಂಗ್ಲಿಷಿನಲ್ಲಿ ಅದನ್ನು ಹೊರುತ್ತಾರೆ, ಪೋಷಿಸುತ್ತಾರೆ. ಕನ್ನಡದಲ್ಲಿ ಹಗೆಯನ್ನು ಸಾಧಿಸುತ್ತಾರೆ. ಹಳಗನ್ನಡದ ‘ಪಗೆ’, ತಮಿಳಿನ ‘ಪಗೈ’, ತೆಲುಗಿನ ‘ಪಗ’ ಒಂದೇ ಕುಲದವು; ಗ್ರಡ್ಜ್ ಅಷ್ಟು ಉಗ್ರವಾದುದಲ್ಲ. ‘ಮನಸ್ಸಿನಲ್ಲಿಟ್ಟುಕೊಂಡಿದ್ದಾನೆ’ ಎಂದರೆ ಸಾಕು. ರ‍್ಯಾಂಕರ್ ಎಂಬುದು ಹಳಸಿದ ಕೊಬ್ಬಿನ ಕಮಟು ವಾಸನೆಗೆ ಸಂಬಂಧಿಸಿದ ಲ್ಯಾಟಿನ್ ಶಬ್ದದಿಂದ ಬಂದಿದೆ. ಬಹುಕಾಲ ಇಟ್ಟು ಕೆಟ್ಟ ಮನಸ್ತಾಪ ಎಂಬ ಭಾವ ಅದರಲ್ಲಿದೆ.

ಇನ್ನು ಲ್ಯಾಟಿನ್ನಿನಲ್ಲಿ ‘ಕೆಟ್ಟ’ ಎಂಬರ್ಥದ ‘ಮಾಲುಸ್’ ಎಂಬುದರ ಸಂತತಿ. ಮಲೆವಲೆನ್ಸ್ ಎಂದರೆ ಕೇಡನ್ನು ಬಯಸುವುದು, ಬಯಕೆ ಕೃತ್ಯವಾಗಲೇಬೇಕೆಂದಿಲ್ಲ. ಮಲಿಗ್ನಿಟಿ ಎಂಬುದು ಸ್ವಭಾವಕ್ಕೇ ಅಂಟಿದ ಕೇಡಿಗತನ. ಶೇಕ್ಸ್‌ಪಿಯರನ ಇಯಾಗೋ ಕುರಿತು ಬರೆಯುವಾಗ ಕೋಲ್‌ರಿಜ್ ಆರಿಸಿಕೊಂಡದ್ದು ಈ ಶಬ್ದವನ್ನೇ, ಏಕೆಂದರೆ ಆ ಪಾತ್ರದ ಕೇಡಿಗೆ ಕಾರಣವೇ ಇಲ್ಲವೆಂಬುದು ಅವನ ನಿಲುವಾಗಿತ್ತು. ವೈದ್ಯರು ಮಾರಕ ಗಡ್ಡೆಗೂ ಇದೇ ಧಾತುವಿನ ವಿಶೇಷಣವನ್ನು ಬಳಸುತ್ತಾರೆ; ಅಲ್ಲಿ ಮನಸ್ಸಿನ ಪ್ರಶ್ನೆಯೇ ಇಲ್ಲ.

ಮ್ಯಾಲಿಸ್ ಎಂಬುದರ ಸ್ಥಿತಿ ಇನ್ನೂ ಜಟಿಲ. ಜನಬಳಕೆಯಲ್ಲಿ ಅದು ದುರ್ಭಾವನೆ. ಆದರೆ ೧೮೨೫ರ ಬ್ರೊಮೇಜ್ ಮತ್ತು ಪ್ರಾಸರ್ ಮೊಕದ್ದಮೆಯಲ್ಲಿ ಇಂಗ್ಲೆಂಡಿನ ನ್ಯಾಯಾಧೀಶ ಬೇಲಿ ಅವರು ಜನರ ಅರ್ಥವನ್ನೂ ಕಾನೂನಿನ ಅರ್ಥವನ್ನೂ ಬೇರ್ಪಡಿಸಿದರು: ನ್ಯಾಯಸಮ್ಮತ ಕಾರಣವಿಲ್ಲದೆ ಉದ್ದೇಶಪೂರ್ವಕವಾಗಿ ಮಾಡಿದ ತಪ್ಪು ಕೃತ್ಯವೇ ಕಾನೂನಿನ ಮ್ಯಾಲಿಸ್. ಅಮೆರಿಕದ ಸುಪ್ರೀಂ ಕೋರ್ಟು ೧೯೬೪ರಲ್ಲಿ ನ್ಯೂಯಾರ್ಕ್ ಟೈಮ್ಸ್ ಮತ್ತು ಸಲಿವನ್ ಪ್ರಕರಣದಲ್ಲಿ ಹೇಳಿದ ‘ಆಕ್ಚುಯಲ್ ಮ್ಯಾಲಿಸ್’ ಎಂಬುದಕ್ಕೂ ಹಗೆತನಕ್ಕೂ ಸಂಬಂಧವಿಲ್ಲ. ಸುಳ್ಳೆಂದು ತಿಳಿದೂ, ಅಥವಾ ಸತ್ಯಾಸತ್ಯವನ್ನು ಲೆಕ್ಕಿಸದೆಯೂ ಪ್ರಕಟಿಸುವುದೆಂದಷ್ಟೇ ಅದರ ಅರ್ಥ.

ನಮ್ಮ ದೇಶದಲ್ಲಿಯೂ ಈ ಪ್ರಶ್ನೆ ಜೀವಂತವಾಗಿದೆ. ಭಾರತ ದಂಡ ಸಂಹಿತೆಗೆ ೧೯೨೭ರಲ್ಲಿ ಸೇರಿದ ೨೯೫-ಎ ಪ್ರಕರಣವು ಧಾರ್ಮಿಕ ಭಾವನೆಯನ್ನು ಕೆರಳಿಸುವ ಕೃತ್ಯದ ಹಿಂದಿನ ಉದ್ದೇಶ ‘ಡೆಲಿಬರೇಟ್’ ಮತ್ತು ‘ಮ್ಯಾಲಿಷಸ್’ ಆಗಿರಬೇಕೆಂದು ವಿಧಿಸಿತು. ೧೯೫೭ರಲ್ಲಿ ರಾಮ್‌ಜಿ ಲಾಲ್ ಮೋದಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆ ವಿಧಿಯನ್ನು ಎತ್ತಿಹಿಡಿದದ್ದು ಈ ವಿಶೇಷಣಗಳ ಬಲದಿಂದಲೇ. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ೨೯೯ನೆಯ ಪ್ರಕರಣದಲ್ಲಿಯೂ ಅವು ಉಳಿದುಕೊಂಡಿವೆ. ಅಂದರೆ ಒಬ್ಬ ಲೇಖಕ ಸೆರೆಮನೆಗೆ ಹೋಗುವುದೂ ಹೋಗದಿರುವುದೂ ಭಾಗಶಃ ಈ ಒಂದು ಶಬ್ದದ ಅರ್ಥವನ್ನು ಅವಲಂಬಿಸಿದೆ. ಇದನ್ನು ‘ದ್ವೇಷದಿಂದ’ ಎಂದು ಅನುವಾದಿಸಿದರೆ ಮತ್ತೊಂದು ತೊಡಕೂ ಉಂಟು. ಸಮುದಾಯಗಳ ನಡುವೆ ವೈರ, ದ್ವೇಷ, ವೈಮನಸ್ಯಗಳನ್ನು ಬೆಳೆಸುವುದರ ಬಗೆಗಿನ ಹಳೆಯ ೧೫೩-ಎ, ಈಗಿನ ೧೯೬ನೆಯ ಪ್ರಕರಣದಲ್ಲಿ ದ್ವೇಷಕ್ಕೆ ಬೇರೆಯೇ ಶಬ್ದವಿದೆ. ಅಲ್ಲಿ ಅದು ಕೇಳುಗರಲ್ಲಿ ಹುಟ್ಟುವ ಭಾವ. ಇಲ್ಲಿ ಮ್ಯಾಲಿಷಸ್ ಎಂಬುದು ಮಾಡಿದವನ ಉದ್ದೇಶದ ಗುಣ. ಎರಡಕ್ಕೂ ಒಂದೇ ಕನ್ನಡ ಶಬ್ದವಾದರೆ ಈ ಭೇದ ಅಳಿಸಿಹೋಗುತ್ತದೆ.

ಭಾವವನ್ನಲ್ಲದೆ ಉದ್ದೇಶವನ್ನು ಹೆಸರಿಸುವ ‘ದುರುದ್ದೇಶ’ ಎಂಬುದು ಇಂತಹ ಕಡೆಗಳಲ್ಲಿ ಸಮರ್ಪಕವೆಂದು ನಮ್ಮ ಅಭಿಪ್ರಾಯ. ಆದರೆ ಇಂಗ್ಲೆಂಡಿನ ಕೊಲೆಯ ಕಾನೂನಿನಲ್ಲಿರುವ ‘ಮ್ಯಾಲಿಸ್ ಅಫೋರ್‌ಥಾಟ್’ಗೆ ಅದೂ ಒಪ್ಪುವುದಿಲ್ಲ. ನರಳುವ ಹೆಂಡತಿಯನ್ನು ಮರುಕದಿಂದಲೇ ಕೊಂದವನಲ್ಲಿಯೂ ಅಲ್ಲಿನ ಕಾನೂನು ಈ ಮ್ಯಾಲಿಸನ್ನು ಕಾಣುತ್ತದೆ. ‘ಅಫೋರ್‌ಥಾಟ್’ ಎಂದಿದ್ದರೂ ಮುಂಚಿತವಾದ ಯೋಚನೆ ಬೇಕಿಲ್ಲ. ಕೊಲ್ಲುವ ಅಥವಾ ತೀವ್ರ ಗಾಯ ಮಾಡುವ ಸಂಕಲ್ಪವಷ್ಟೇ ಅದರ ತಿರುಳು. ಅಲ್ಲಿ ‘ಸಂಕಲ್ಪ’ ಎಂದೇ ಬರೆಯಬೇಕು.