ಅಲ್ಯುಮಿನಿಯಂ ದೋಣಿಗೆ ಆಸಿಡ್ ಬೇಡ

1952ರಲ್ಲಿ ಅಮೆರಿಕದ ಮಿನೆಸೋಟದ ರೈತ ಆಂಬ್ರೋಸ್ ವೀರಸ್ ಉಕ್ಕಿನ ಡ್ರಮ್ಮುಗಳ ಮೇಲೆ ಹಲಗೆ ಹಾಸಿ ಪಾಂಟೂನ್ ದೋಣಿ ಮಾಡಿದರು. ಡ್ರಮ್ಮಿನ ಜಾಗಕ್ಕೀಗ ಅಲ್ಯುಮಿನಿಯಂ ಕೊಳವೆ ಬಂದಿದೆ. ಅದು ತೂತಾದರೆ ದೋಣಿ ವಾಲಿತೆಂದೇ ಲೆಕ್ಕ.

ದೋಣಿ ದಡಕ್ಕೆಳೆದ ದಿನವೇ, ಪಾಚಿ ಒಣಗುವ ಮೊದಲೇ ನೈಲಾನ್ ಬ್ರಶ್ಶಿನಲ್ಲಿ ಉಜ್ಜಿ. ಒಣಗಿದರೆ ಗಾರೆಯಂತೆ ಕೂತುಬಿಡುತ್ತೆ. ಉಳಿದ ಕಲೆಗೆ ವಿನೆಗರ್ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ತೊಳೆಯಿರಿ. ಕಕ್ಕಸು ತೊಳೆಯುವ ಆಸಿಡ್, ಕಾಸ್ಟಿಕ್ ಸೋಡ ಎರಡೂ ಲೋಹವನ್ನೇ ತಿನ್ನುತ್ತವೆ. ಕಬ್ಬಿಣದ ಬ್ರಶ್ಶೂ ಬೇಡ. ಅದರ ಚೂರು ಸಿಕ್ಕಿಕೊಂಡಲ್ಲಿ ಕುಳಿ ಬೀಳುತ್ತೆ.

ಪಾಚಿ ತಡೆಯುವ ತಾಮ್ರದ ಪೇಂಟಂತೂ ಇನ್ನೂ ಅಪಾಯ. ಮೈಲುತುತ್ತನ್ನು ಅಲ್ಯುಮಿನಿಯಂ ಪಾತ್ರೆಯಲ್ಲಿ ಕರಗಿಸಬಾರದು ಅಂತೀವಲ್ಲ, ಅದೇ ಕಾರಣ.

ತೊಳೆದಾದ ಮೇಲೆ ಬೆಸುಗೆಗೆ ಸೋಪುನೀರು ಸವರಿ, ಕೊಳವೆಯೊಳಗೆ ಸೈಕಲ್ ಪಂಪಿನಿಂದ ಒಂದಿಷ್ಟೇ ಗಾಳಿ ಹಾಕಿ. ಗುಳ್ಳೆ ಎದ್ದಲ್ಲಿ ತೂತು. ಜಾಸ್ತಿ ತುಂಬಿದರೆ ಬೆಸುಗೆಯೇ ಬಿಟ್ಟೀತು.